ಹುಳುವಿಲ್ಲದ ಹುಳುಕಡ್ಡಿ

ಮಳೆಗಾಲ ಕಾಲಿಟ್ಟೊಡನೆ ನಮ್ಮ ತಾಳವಾಡಿಯ ಬೆಟ್ಟಸೀಮೆಯಲ್ಲಿ ಒಗೆದ ಬಟ್ಟೆ ಬೇಗನೆ ಒಣಗದು. ಅರೆತೇವದ ಉಡುಪನ್ನೇ ತೊಟ್ಟು ಹೊಲದಲ್ಲಿ ಬೆವರಿಳಿಸಿ ದುಡಿಯುವವರಿಗೆ ತೊಡೆಸಂದು, ಸೊಂಟ, ಕಂಕುಳುಗಳಲ್ಲಿ ತುರಿಕೆ ಹತ್ತುವುದುಂಟು. ಕೆಂಪು ಉಂಗುರದಂತೆ ಹಬ್ಬುವ ಈ ರೋಗವನ್ನು ಹಿರಿಯರು ಹುಳುಕಡ್ಡಿಯೆಂದೂ ಗಜಕರ್ಣವೆಂದೂ ಕರೆದರು. ಹೆಸರಿನಲ್ಲಿ ಹುಳುವಿದ್ದರೂ ರೋಗದಲ್ಲಿ ಹುಳುವಿಲ್ಲ. ಮಳೆಗಾಲದಲ್ಲಿ ಚಪ್ಪಲಿಯ ಮೇಲೆ ಬೂಷ್ಟು ಬೆಳೆಯುವಂತೆ, ಚರ್ಮದ ಮೇಲ್ಪದರದಲ್ಲಿರುವ ಕೆರಟಿನ್ ಎಂಬ ವಸ್ತುವನ್ನುಂಡು ಬೆಳೆಯುವ ಶಿಲೀಂಧ್ರವೇ ಇದಕ್ಕೆ ಕಾರಣ. ಅದು ಹೊರಮುಖವಾಗಿ ಹಬ್ಬುತ್ತ, ನಡುಭಾಗ ಮಾಯುತ್ತ ಹೋಗುವುದರಿಂದ ಉಂಗುರದ ಆಕಾರ ಮೂಡುತ್ತದೆ.

ಒಬ್ಬರ ಟವೆಲು, ಹಾಸಿಗೆ, ಒಳ ಉಡುಪುಗಳಿಂದ ಅದು ಮನೆಮಂದಿಗೆಲ್ಲ ದಾಟಬಲ್ಲುದು. ಕರುಗಳ ಮುಖ, ಕತ್ತುಗಳ ಮೇಲೆ ಬೂದುಬಣ್ಣದ ಹಕ್ಕಳೆಯಾಗಿ ಕಾಣುವ ಹುಳುಕಡ್ಡಿಯೂ ಅವುಗಳ ಮೈದಡವುವವರಿಗೆ ಅಂಟುವುದುಂಟು.

ಇದಕ್ಕಿಂತ ಮಿಗಿಲಾದ ಅಪಾಯ ಮುಲಾಮಿನಲ್ಲಿದೆ. ಚರ್ಮವೈದ್ಯರನ್ನು ಕಾಣಲು 27 ತಿರುವುಗಳ ದಿಂಬಂ ಘಟ್ಟವನ್ನಿಳಿದು ಸತ್ಯಮಂಗಲದ ಕಡೆಗೋ, ಗಡಿ ದಾಟಿ ಚಾಮರಾಜನಗರಕ್ಕೋ ಹೋಗುವುದೆಂದರೆ ಒಂದು ದಿನದ ಕೂಲಿ ಕಳೆದಂತೆ. ಆದ್ದರಿಂದ ಅಂಗಡಿಯಲ್ಲಿ ಕೇಳಿ ತಂದ ಟ್ಯೂಬೇ ವೈದ್ಯನಾಗಿಬಿಡುತ್ತದೆ. ಇಂಥ ಹಲವು ಮುಲಾಮುಗಳಲ್ಲಿ ಕ್ಲೋಬೆಟಸಾಲ್, ಬೆಟಾಮೆಥಸೋನ್ ಮೊದಲಾದ ಸ್ಟೀರಾಯ್ಡುಗಳು ಬೆರೆತಿರುತ್ತವೆ. ಅವು ತುರಿಕೆಯನ್ನೂ ಕೆಂಪನ್ನೂ ಕೆಲವೇ ದಿನಗಳಲ್ಲಿ ಅಡಗಿಸುತ್ತವೆ. ಆದರೆ ಚರ್ಮದ ಪ್ರತಿರೋಧವನ್ನು ಕುಗ್ಗಿಸಿ ಶಿಲೀಂಧ್ರಕ್ಕೆ ದಾರಿ ಮಾಡಿಕೊಡುತ್ತವೆ. ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗಿ ಮಾಯದ ಗೆರೆಗಳು ಮೂಡುತ್ತವೆ. ಈ ದುರುಪಯೋಗವನ್ನು ತಡೆಯಲೆಂದೇ ಕೇಂದ್ರ ಸರ್ಕಾರವು 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು.

ರೋಗವೂ ಈಗ ಹಳೆಯದಾಗಿ ಉಳಿದಿಲ್ಲ. ಭಾರತದಲ್ಲಿ ವ್ಯಾಪಕವಾಗಿರುವ ಹಟಮಾರಿ ತಳಿಯೊಂದಕ್ಕೆ 2020ರಲ್ಲಿ ‘ಟ್ರೈಕೋಫೈಟಾನ್ ಇಂಡೊಟಿನಿಯೆ’ ಎಂದು ಹೆಸರಿಡಲಾಯಿತು. ಟರ್ಬಿನಾಫಿನ್ ಎಂಬ ರೂಢಿಯ ಗುಳಿಗೆಗೆ ಅದು ಅನೇಕ ವೇಳೆ ಬಗ್ಗದು. 2023ರಲ್ಲಿ ಅದು ಅಮೆರಿಕದ ನ್ಯೂಯಾರ್ಕಿನಲ್ಲಿಯೂ ಕಂಡುಬಂದ ವರದಿಯಾಯಿತು.

ಹಾಗೆಂದು ಎದೆಗುಂದಬೇಕಾಗಿಲ್ಲ. ಮನೆಯಲ್ಲಿ ರೋಗ ತಗುಲಿದವರೆಲ್ಲರೂ ಏಕಕಾಲದಲ್ಲಿ ಚಿಕಿತ್ಸೆ ಪಡೆಯಬೇಕು. ಕಲೆ ಮರೆಯಾಯಿತೆಂದು ಔಷಧವನ್ನು ನಡುವೆ ನಿಲ್ಲಿಸದೆ, ವೈದ್ಯರು ಹೇಳಿದಷ್ಟು ದಿನ ಮುಂದುವರಿಸಬೇಕು. ಟವೆಲು, ಒಳ ಉಡುಪುಗಳು ಒಬ್ಬೊಬ್ಬರಿಗೂ ಬೇರೆಯಾಗಿರಲಿ; ಅವನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಳಮೈ ಮೇಲಾಗಿ ಒಣಹಾಕಬೇಕು. ಮಿಂದ ಬಳಿಕ ಸಂದುಗಳನ್ನು ಚೆನ್ನಾಗಿ ಒರೆಸಿಕೊಂಡು ಸಡಿಲವಾದ ಹತ್ತಿಬಟ್ಟೆ ತೊಡುವುದು ಹಿತ. ಕರುವಿನ ಹಕ್ಕಳೆಯನ್ನು ಪಶುವೈದ್ಯರಿಗೆ ತೋರಿಸಬೇಕು.

ಮುಖ್ಯವಾಗಿ, ಇದು ನಾಚಿ ಮುಚ್ಚಿಡುವ ರೋಗವಲ್ಲ. ಮುಚ್ಚಿಟ್ಟಷ್ಟೂ ಹಬ್ಬುವ ರೋಗ. ವೈದ್ಯರಲ್ಲಿಗೆ ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬನ್ನು ತಪ್ಪದೆ ಕೊಂಡೊಯ್ಯೋಣ. ಅದರ ಮೇಲಿನ ಹೆಸರನ್ನು ಓದಿದರೆ ಅರ್ಧ ಕಥೆ ಅವರಿಗೆ ತಿಳಿದೀತು.