ಕಾದಿರಿಸಿದ ಗ್ರಂಥ

ತರಗತಿಯಲ್ಲಿ ನಲವತ್ತು ಮಂದಿ. ಬೇಕಾದ ಗ್ರಂಥದ ಪ್ರತಿ ಒಂದೇ. ಮೊದಲು ಬಂದವನು ಅದನ್ನು ಹದಿನೈದು ದಿನಗಳಿಗೆ ಮನೆಗೆ ಒಯ್ದರೆ ಉಳಿದವರ ಗತಿಯೇನು?

ವಿಶ್ವವಿದ್ಯಾನಿಲಯಗಳು ಇದಕ್ಕೆ ಕಂಡುಕೊಂಡಿರುವ ಉಪಾಯವೇ ಗ್ರಂಥಗಳನ್ನು ಕಾದಿರಿಸುವ ಪದ್ಧತಿ. ಅಧ್ಯಾಪಕರು ಪಟ್ಟಿಯನ್ನು ಮುಂಚಿತವಾಗಿ ಕೊಡುತ್ತಾರೆ. ಗ್ರಂಥಪಾಲರು ಆ ಪುಸ್ತಕಗಳನ್ನು ಪ್ರತ್ಯೇಕವಾಗಿ ತಮ್ಮ ಮೇಜಿನ ಬಳಿ ಇರಿಸಿ, ಕೇಳಿದವರಿಗೆ ಕೆಲವು ಗಂಟೆಗಳ ಮಟ್ಟಿಗೆ ಅಲ್ಲಿಯೇ ಓದಲು ಕೊಡುತ್ತಾರೆ. ಕೆಲವೆಡೆ ಸಂಜೆ ಬಾಗಿಲು ಮುಚ್ಚುವಾಗ ಒಯ್ದು ಬೆಳಗ್ಗೆ ಹಿಂದಿರುಗಿಸಲೂ ಅವಕಾಶವುಂಟು.

ಕೋಡಂಬಾಕ್ಕಂನಲ್ಲಿರುವ ನಮಗೆ ಚೇಪಾಕಿನ ಮದರಾಸು ವಿಶ್ವವಿದ್ಯಾನಿಲಯವು ದೂರವಲ್ಲ. ಅದರ ಮೊದಲ ಗ್ರಂಥಪಾಲರಾಗಿ 1924ರಲ್ಲಿ ನೇಮಕಗೊಂಡ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಗ್ರಂಥವಿರುವುದು ಬಳಕೆಗೆ ಎಂಬುದು ಮೊದಲನೆಯದು. ಓದುವವರೆಲ್ಲರಿಗೂ ತಮಗೆ ಬೇಕಾದುದು ದೊರೆಯಬೇಕೆಂಬುದು ಎರಡನೆಯದು. ಅದೇ ವಿಶ್ವವಿದ್ಯಾನಿಲಯವು ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ 1968-71ರಲ್ಲಿ ಹೊರತಂದ ಕಿಟ್ಟೆಲ್ ನಿಘಂಟಿಗೆ ನಾಲ್ಕು ಸಂಪುಟ. ಅದನ್ನು ಎಷ್ಟು ಮಂದಿ ಕೊಳ್ಳಬಲ್ಲರು? ಒಬ್ಬನ ಮನೆ ಸೇರಿದರೆ ಅದು ಒಬ್ಬನದು. ಗ್ರಂಥಪಾಲರ ಬಳಿಯಿದ್ದರೆ ಎಲ್ಲರದು.

ಆದುದರಿಂದ ಗೆಳೆಯರೇ, ಗೊತ್ತಾದ ಹೊತ್ತಿಗೆ ಪುಸ್ತಕವನ್ನು ಹಿಂದಿರುಗಿಸೋಣ, ಮುಂದಿನವರು ಕಾದಿರುತ್ತಾರೆ.