ನಂಬಿಕೆ: ಒಂದು ಪದ, ಎರಡು ನೆಲೆಗಳು

ಧರ್ಮದ ನೆಲೆಯಲ್ಲಿ ನಂಬಿಕೆಯೆಂದರೆ ತನ್ನನ್ನೇ ಒಪ್ಪಿಸಿಕೊಳ್ಳುವ ನಿಷ್ಠೆ. ಸಂಕಟದಲ್ಲಿಯೂ ಅದು ಅಲುಗದಿರುವುದೇ ಅದರ ಹಿರಿಮೆ. ವಿಜ್ಞಾನಿಗೂ ನಂಬಿಕೆ ಬೇಕು. ನ್ಯೂಟನ್ನನ ಗುರುತ್ವನಿಯಮವನ್ನು ನಂಬಿಯೇ ಲೆವೆರಿಯೆ, ಯುರೇನಸ್ಸಿನ ಚಲನೆಯಲ್ಲಿನ ವ್ಯತ್ಯಾಸದಿಂದ ಕಾಣದ ಗ್ರಹವೊಂದರ ಸ್ಥಾನವನ್ನು ಗಣಿಸಿದನು. 1846ರಲ್ಲಿ ನೆಪ್ಚೂನ್ ದೊರೆಯಿತು. ಬುಧನ ಕಕ್ಷೆಯ ವ್ಯತ್ಯಾಸಕ್ಕೂ ಅವನು 1859ರಲ್ಲಿ ಅಂಥದೇ ಕಾರಣವನ್ನು ಊಹಿಸಿದನು. ಊಹಿಸಿದ ಗ್ರಹ ಸಿಗಲಿಲ್ಲ. ಆದರೂ ನಿಯಮದ ಮೇಲಿನ ನಂಬಿಕೆ ಅರ್ಧಶತಮಾನಕ್ಕೂ ಮಿಕ್ಕಿ ಉಳಿಯಿತು. ಶತಮಾನಕ್ಕೆ ಸುಮಾರು 43 ವಿಕಲೆಗಳಷ್ಟಿದ್ದ ಆ ವ್ಯತ್ಯಾಸವನ್ನು 1915ರಲ್ಲಿ ಐನ್‌ಸ್ಟೈನನ ಸಾಪೇಕ್ಷತಾ ಸಿದ್ಧಾಂತವು ವಿವರಿಸಿದಾಗ ನಿಯಮವೇ ತಿದ್ದುಪಡಿಗೆ ಒಳಗಾಯಿತು.

ಆದುದರಿಂದ ಈ ಎರಡು ನಂಬಿಕೆಗಳ ಭೇದವಿರುವುದು ದೃಢತೆಯಲ್ಲಲ್ಲ, ಯಾವುದಕ್ಕೆ ಮಣಿಯಬೇಕೆಂಬ ಒಪ್ಪಂದದಲ್ಲಿ. ವಿಜ್ಞಾನದ ನಂಬಿಕೆ ಕೊನೆಗೆ ಅಳತೆಗೆ ಮಣಿಯಲೇಬೇಕು. ಧರ್ಮದ ನಂಬಿಕೆ ಅಂಥ ಕರಾರಿನ ಮೇಲೆ ನಿಂತದ್ದಲ್ಲ. ಪದ ಒಂದೇ ಎಂಬ ಕಾರಣಕ್ಕೆ ಇವನ್ನು ಒಂದಾಗಿಸಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.