ಕಣದಲ್ಲಿ ಸೇಫ್ಟಿ ಲೀಡರ್ ಯಾರು?

ಜಗಳೂರು ಸೀಮೆಯಲ್ಲಿ ಮೆಕ್ಕೆಜೋಳ ಒಕ್ಕೋ ಕಾಲ ಬಂತೆಂದರೆ ಟ್ರ್ಯಾಕ್ಟರ್ ಹಿಂದೆ ಯಂತ್ರ, ಯಂತ್ರದ ಸುತ್ತ ಆಳುಗಳು. ಇಲ್ಲಿ ಸೇಫ್ಟಿ ಆಫೀಸರ್ ಯಾರು? ಮೇಸ್ತ್ರಿನೇ!

ಟ್ರ್ಯಾಕ್ಟರಿಂದ ಯಂತ್ರಕ್ಕೆ ಹೋಗೋ ಪಿಟಿಒ ಶಾಫ್ಟ್ ನೋಡಿ. ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದ್ರೆ ಸೆಕೆಂಡಿಗೆ 9. ಸೆರಗೋ ಟವೆಲ್ಲೋ ಸಿಕ್ಕರೆ ಕೂಗೋಕೂ ಟೈಮಿಲ್ಲ. ಅದಕ್ಕೆ ಕವಚ ಇಲ್ವಾ? ಕೆಲಸ ಶುರುನೇ ಬೇಡ.

ತೆನೆ ಸಿಕ್ಕಾಕೊಂಡ್ತಾ? ಮೊದಲು ಇಂಜಿನ್ ಆಫ್, ಕೀ ಮೇಸ್ತ್ರಿ ಜೇಬಿಗೆ. ಕೈ ಆಮೇಲೆ.

ಒಕ್ಕಣೆ ಯಂತ್ರದಂಥವಕ್ಕೇ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು. ಹಾಗಂತ ಕಣಕ್ಕೆ ಇನ್ಸ್‌ಪೆಕ್ಟರ್ ಬರ್ತಾರೆ ಅಂತ ಕಾಯ್ತಾ ಕೂರೋಕಾಗುತ್ತಾ?

‘ನಿಲ್ಸಿ’ ಅಂತ ನಿನ್ನೆ ಬಂದ ಹುಡುಗ ಕೂಗಿದ್ರೂ ಯಂತ್ರ ನಿಲ್ಲಬೇಕು, ಅವನಿಗೆ ಬೈಗುಳ ಬೀಳಬಾರದು. ಬೈದ್ರೆ ನಾಳೆ ಅವನು ಬಾಯೇ ಬಿಡಲ್ಲ. ಇನ್ನು ರಾತ್ರಿ ಪಾಳಿ: ಬಾಡಿಗೆ ಎಷ್ಟೇ ಬರಲಿ, ನಿದ್ದೆಗಣ್ಣಲ್ಲಿರೋರನ್ನ ತೆನೆ ಹಾಕೋಕೆ ನಿಲ್ಲಿಸ್ಬೇಡಿ.